ಮುಂಬಯಿತನಕ ಬಂದವಳು

ದೊರೆಯ ಮೊಮ್ಮಗಳ ಎಡ ಮೊಣಕಾಲು ನನ್ನ ಕೈಗೆ ಬಂದಾಗ ಅದು ಅರ್ಧದಷ್ಟೂ ಮಡಚುತ್ತಿರಲಿಲ್ಲ. ನಾನು ಫಿಸಿಯೋಥೆರಪಿಸ್ಟ್. ಮಸ್ಕತ್ತಿನ ಅಲ್ ಹೈಲ್ ಬಡಾವಣೆಯಲ್ಲಿ ನಮ್ಮ ಮನೆ. ಕಾರು ತೆಗೆದುಕೊಂಡು ಮನೆಮನೆಗೆ ಹೋಗಿ, ವಯಸ್ಸಾದವರ ಕೀಲುಗಳನ್ನು ಸಡಿಲ ಮಾಡಿ ಬರುವುದು ನನ್ನ ಕೆಲಸ. ಒಂದು ಕಡೆ ಗಟ್ಟಿಯಾಗಿ ಅರ್ಧ ಗಂಟೆ ಕೂರುವುದು ನನ್ನಿಂದಾಗದು. ನನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ಅವ್ವ ಸಣ್ಣಂದಿನಿಂದ ಬೈಯುತ್ತ ಬಂದಿದ್ದಾಳೆ. ಚಕ್ರವಿದ್ದದ್ದು ಒಳ್ಳೆಯದೇ ಆಯಿತು, ಮಸ್ಕತ್ತಿನಲ್ಲಿ ಅದರಿಂದಲೇ ನಾಲ್ಕು ಜನರಿಗೆ ಬೇಕಾದವಳಾಗಿದ್ದೇನೆ.

ಮೊಣಕಾಲಿನ ಒಡತಿಗೆ ಎಂಬತ್ತೆರಡು ವರ್ಷ. ಇಂಗ್ಲೆಂಡಿನವಳು. ಮಗ ಸೂರ್‌ನ ಗ್ಯಾಸ್ ಪ್ಲಾಂಟಿನಲ್ಲಿ ಎಂಜಿನಿಯರ್. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವನನ್ನು ನೋಡಲೆಂದು ಬಂದವಳು ಸ್ನಾನದ ಮನೆಯಲ್ಲಿ ಜಾರಿ ಬಿದ್ದು, ಇಲ್ಲಿಯೇ ಆಪರೇಷನ್ ಮಾಡಿಸಿಕೊಂಡು ಉಳಿದಿದ್ದಳು. ನೋವಿಗೆ ಕೂಗುವವಳಲ್ಲ. ಕಾಲು ಬಗ್ಗಿಸಿದಾಗ ತುಟಿ ಕಚ್ಚಿಕೊಂಡು ಏನಾದರೂ ಮಾತು ತೆಗೆಯುತ್ತಿದ್ದಳು.

ಮೂರನೆಯ ದಿನ ನನ್ನ ಊರು ಯಾವುದೆಂದು ಕೇಳಿದಳು. ನಿಮಗೆ ಗೊತ್ತಿರಲಿಕ್ಕಿಲ್ಲ ಎಂದು ನಾನು ಉದಾಸೀನದಿಂದಲೇ ಜಿಲ್ಲೆಯ ಹೆಸರು ಹೇಳಿದೆ. ಅವಳು ದಿಂಬಿನಿಂದ ಅರ್ಧ ಎದ್ದಳು.

"ನನ್ನ ಅಜ್ಜ ಅಲ್ಲಿ ಕಲೆಕ್ಟರ್ ಆಗಿದ್ದ! ನನ್ನ ಅಪ್ಪ ಹುಟ್ಟಿದ್ದೇ ಅಲ್ಲಿ. ಆಮೇಲೆ ಅಜ್ಜನನ್ನು ಇದೇ ಮಸ್ಕತ್ತಿಗೆ ಸರ್ಕಾರದ ದೊಡ್ಡ ಅಧಿಕಾರಿಯಾಗಿ ಕಳಿಸಿದರು."

ನನ್ನ ಕೈ ಅವಳ ಮೊಣಕಾಲಿನ ಮೇಲೆಯೇ ನಿಂತುಬಿಟ್ಟಿತು. ಏಕೆಂದರೆ ಆ ದೊರೆಯ ಕಥೆಯನ್ನು ನಾನು ತೊಟ್ಟಿಲಿನಿಂದ ಕೇಳಿದವಳು.

ಕಥೆ ಇಷ್ಟು. ನನ್ನ ಅವ್ವನ ಅಪ್ಪ, ಅಂದರೆ ನನ್ನ ಅಜ್ಜ, ಎಂಟು ತಿಂಗಳ ಕೂಸಾಗಿದ್ದಾಗ ಊರಿನ ಬಂಗಲೆಯಲ್ಲಿ ದೊರೆಸಾನಿ ಹಡೆದಳು. ಅವಳಿಗೆ ಎದೆಹಾಲು ಬರಲಿಲ್ಲ. ನನ್ನ ಮುತ್ತಜ್ಜ ಕಚೇರಿಯಲ್ಲಿ ಪಟ್ಟೇವಾಲ. ನಿನ್ನ ಹೆಂಡತಿಯನ್ನು ಕಳಿಸು ಎಂದು ದೊರೆ ಹೇಳಿದರೆ ಪಟ್ಟೇವಾಲ ಏನು ಮಾಡಬಲ್ಲ? ಮೂರು ತಿಂಗಳ ಮಟ್ಟಿಗೆ ಎಂದು ಮುತ್ತಜ್ಜಿ ಬಂಗಲೆಗೆ ಹೋದಳು. ಅದೇ ಮಳೆಗಾಲ ಮುತ್ತಜ್ಜ ಪ್ಲೇಗಿನಲ್ಲಿ ತೀರಿಕೊಂಡ. ಅಷ್ಟರಲ್ಲಿ ದೊರೆಗೆ ಮಸ್ಕತ್ತಿಗೆ ವರ್ಗವಾಯಿತು. ಬಿಳಿಯ ಕೂಸು ಬೇರೆ ಹಾಲು ಮುಟ್ಟದೆಂದು ಅವಳನ್ನೂ ಹಡಗು ಹತ್ತಿಸಿದರು. ಆರು ತಿಂಗಳಿಗೆ ಕಳಿಸುತ್ತೇವೆ ಎಂದರಂತೆ. ನನ್ನ ಅಜ್ಜ ತನ್ನ ಅಜ್ಜಿಯ ಮಡಿಲಲ್ಲಿ ಆಡಿನ ಹಾಲು ಕುಡಿದು ಬೆಳೆದ. ತಾಯಿ ಬರಲೇ ಇಲ್ಲ.

ಬರದಿದ್ದರೆ ಸತ್ತಳು ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಎಂಟು ವರ್ಷದ ಮೇಲೆ, ಮುಂಬಯಿಯ ಗಿರಣಿಗೆ ದುಡಿಯಲು ಹೋಗಿದ್ದ ನಮ್ಮೂರಿನವನೊಬ್ಬ ಅವಳನ್ನು ಬಂದರಿನಲ್ಲಿ ಕಂಡ. ದೊರೆಯ ಮಕ್ಕಳ ಕೈಹಿಡಿದು ಹಡಗಿನಿಂದ ಇಳಿಯುತ್ತಿದ್ದಳಂತೆ. ಇವನು ಜನರ ನಡುವೆ ದಾರಿ ಮಾಡಿಕೊಂಡು ಹೋಗುವಷ್ಟರಲ್ಲಿ ಸಾರೋಟು ಹತ್ತಿ ಹೋದಳು. ಆ ಸುದ್ದಿ ಊರಿಗೆ ಬಂತು ನೋಡಿ, ಅಲ್ಲಿಂದ ನನ್ನ ಅಜ್ಜನಿಗೆ ಬಾಳು ಬೇವಾಯಿತು. ಊರ ಬಾಯಿಗೆ ಬೀಗ ಹಾಕುವವರಾರು? ಮುಂಬಯಿತನಕ ಬಂದಾಕಿ ಊರಿಗೆ ಯಾಕ ಬರಲಿಲ್ಲ, ದೊರೆಯ ಮನೆಯ ಬೆಣ್ಣೆಯ ರುಚಿ ಹತ್ತಿತೇನು ಎಂದು ಕಟ್ಟೆಗೊಬ್ಬರು ಕೇಳಿದರು. ಅಜ್ಜ ದೊಡ್ಡವನಾಗಿ ಶಾಲೆಯ ಮಾಸ್ತರನಾದ, ನಾಲ್ಕು ಮಕ್ಕಳನ್ನು ಕಂಡ. ಸಾಯುವವರೆಗೂ ಹಾಲು ಮುಟ್ಟಲಿಲ್ಲ. ಚಹಾ ಕೂಡ ಕರಿಯದೇ. ಹಿರಿಯರ ಹಬ್ಬದಲ್ಲಿ ತೀರಿಹೋದ ಹೆಂಗಸರಿಗೆಲ್ಲ ಎಡೆ ಹಿಡಿಯುತ್ತಿದ್ದೆವು, ಅವಳೊಬ್ಬಳಿಗೆ ಹಿಡಿಯುತ್ತಿರಲಿಲ್ಲ.

ಅಜ್ಜನಿಂದ ಆ ಪ್ರಶ್ನೆ ಅವ್ವನಿಗೆ ಬಂತು. ನಾನು ಮದುವೆಯಾಗಿ ಮಸ್ಕತ್ತಿಗೆ ಹೊರಟಾಗ ಅವ್ವ ಕಣ್ಣು ಕೆಂಪಗೆ ಮಾಡಿ, "ಆಕೀನ ಹುಡುಕಾಕ ಹೋಗಬ್ಯಾಡ, ನಮಗ ಆಕಿ ಸುದ್ದೀನ ಬ್ಯಾಡ" ಎಂದಳು. ಬಂದು ಇಪ್ಪತ್ತಾರು ವರ್ಷವಾಯಿತು, ಪ್ರತಿ ಹಬ್ಬಕ್ಕೂ ಫೋನಿನಲ್ಲಿ, "ಆಕೀದೇನರ ತಿಳೀತೇನ?" ಎಂದು ಕೇಳುತ್ತಾಳೆ. ಎಲ್ಲಿ ಅಂತ ಹುಡುಕಲಿ? ಒಮ್ಮೆ ದೋಣಿ ಮಾಡಿಕೊಂಡು ಗುಡ್ಡಗಳ ನಡುವಿನ ಕೊಲ್ಲಿಯಲ್ಲಿರುವ ಬಿಳಿಯರ ಗೋರಿಗಳನ್ನು ನೋಡಿ ಬಂದಿದ್ದೆ. ಬಿಳಿಯರ ಜೊತೆ ಆಯಾಳನ್ನು ಹುಗಿಯುವುದಿಲ್ಲ ಎನ್ನುವುದು ಅಲ್ಲಿಗೆ ಹೋದ ಮೇಲೆ ಹೊಳೆಯಿತು, ನನ್ನ ಬುದ್ಧಿಗಿಷ್ಟು.

ಈಗ ದೊರೆಯ ಮೊಮ್ಮಗಳೇ ನನ್ನ ಕೈಯಲ್ಲಿ ಸಿಕ್ಕಿದ್ದಳು. ಆದರೂ ನಾನು ಯಾರೆಂದು ಹೇಳಲಿಲ್ಲ. ಹೇಳಿದರೆ ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೋ, ಅಥವಾ ಎಲ್ಲಿ ಸಕ್ಕರೆ ಸುರಿದು ಕಥೆ ಹೇಳುತ್ತಾಳೋ ಎಂಬ ಭಯ. ದಿನ ಬಿಟ್ಟು ದಿನ ಹೋಗಿ ಅವಳ ಕಾಲು ಬಗ್ಗಿಸುವುದು, ಬಗ್ಗಿಸುತ್ತ ದೊರೆಯ ಸಂಸಾರವನ್ನು ಕೆದಕುವುದು, ಇದೇ ಆಯಿತು.

ನಮ್ಮೂರಿನ ಕಥೆಯಲ್ಲಿ ದೊರೆ ಏಳಡಿ ಎತ್ತರ, ಗುಡುಗಿದರೆ ಗರ್ಭಿಣಿಯರಿಗೆ ನೋವು ಬರುತ್ತಿತ್ತು. ಇವಳ ಕಥೆಯಲ್ಲಿ ಆತ ಮೈತುಂಬ ಬೆವರುಗುಳ್ಳೆ ಎದ್ದು ಪರಪರ ತುರಿಸಿಕೊಳ್ಳುವ ಮನುಷ್ಯ. ನಮ್ಮ ಬಯಲಲ್ಲಿ ಬೆಳಗಾದರೆ ಕುದುರೆ ಓಡಿಸಿದವನಿಗೆ ಮಸ್ಕತ್ತಿನಲ್ಲಿ ಹಿಂದೆ ಕಲ್ಲುಗುಡ್ಡ, ಮುಂದೆ ಸಮುದ್ರ. ಓಡಿಸಲು ಜಾಗವಿಲ್ಲದೆ ಮನೆಯ ಮಾಳಿಗೆಯ ಮೇಲೆ ಗಿರಗಿರ ನಡೆಯುತ್ತಿದ್ದನಂತೆ. ಬೇಸಿಗೆಯಲ್ಲಿ ಎಲ್ಲರೂ ಒದ್ದೆ ಬಟ್ಟೆ ಹೊದ್ದು ಮಾಳಿಗೆಯ ಮೇಲೆಯೇ ಮಲಗುತ್ತಿದ್ದರು. ದೊರೆಸಾನಿ ಗುಡ್ಡಗಳ ಚಿತ್ರ ಬರೆಯುತ್ತಿದ್ದಳು. ಬಣ್ಣ ಹಚ್ಚುವಷ್ಟರಲ್ಲೇ ಒಣಗಿಹೋಗುತ್ತದೆಂದು ತವರಿಗೆ ಪತ್ರ ಬರೆದಿದ್ದಳು. ಊರಿನಲ್ಲಿ ಹುಟ್ಟಿದವನೂ ಸೇರಿ ಒಟ್ಟು ಮೂರು ಮಕ್ಕಳು. ನಡುವಿನ ಹುಡುಗಿ ಜ್ವರ ಬಂದು ತೀರಿಕೊಂಡಿತು. ನಾನು ನೋಡಿ ಬಂದಿದ್ದ ಗೋರಿಗಳಲ್ಲಿ ಅದರದೂ ಇತ್ತು.

"ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು?" ಎಂದು ಒಂದು ದಿನ, ಏನೂ ತಿಳಿಯದವಳ ಹಾಗೆ ಕೇಳಿದೆ.

"ಓ, ಆಯಾ! ನಿಮ್ಮ ಕಡೆಯವಳೇ. ಅಪ್ಪನಿಗೆ ಅವಳೇ ಹಾಲು ಕೊಟ್ಟಿದ್ದು. ಅಷ್ಟು ನಿಷ್ಠೆಯ ಹೆಂಗಸು ಇನ್ನೊಬ್ಬಳಿಲ್ಲ ಅಂತ ಅಪ್ಪ ಹೇಳ್ತಿದ್ದ. ಊರಿಗೆ ಹೋಗು ಅಂದರೂ ಹೋಗಲಿಲ್ಲ. ಅಪ್ಪನನ್ನು ಬಿಟ್ಟಿರಲಾರದೆ ಉಳಿದಳು."

ಅವಳು ಫೋಟೋ ತೋರಿಸಿದಳು. ದೊರೆ, ದೊರೆಸಾನಿ, ಎರಡು ನಾಯಿ. ಒಂದು ಬದಿಗೆ ಕೂಸನ್ನು ಎತ್ತಿಕೊಂಡ ಹೆಂಗಸು. ಕಚ್ಚೆ ಹಾಕಿ ಉಟ್ಟ ಸೀರೆ. ಸೆರಗಿನಲ್ಲಿ ಇಳಕಲ್ಲಿನ ತೆನೆಗಳು ಸಾಲಾಗಿ ಎದ್ದು ಕಾಣುತ್ತಿದ್ದವು. ಮೂಗು ನನ್ನ ಅವ್ವನದೇ. ನನಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ಬಿಟ್ಟಿರಲಾರದೆ ಉಳಿದಳಂತೆ! ಹಾಗಾದರೆ ನಮ್ಮೂರಿನ ಕಟ್ಟೆಯವರು ಆಡಿದ್ದೇ ನಿಜ ಎಂದಾಯಿತು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಜೋಳದ ಹಿಟ್ಟಿಗೆಂದು ಹಮ್ರಿಯಾತನಕ ಹೋಗಿ ಬರೀ ಬೆಲ್ಲ ಹಿಡಿದು ಬಂದೆ. ಒಬ್ಬ ಪೇಷಂಟಿನ ಬಲಭುಜಕ್ಕೆ ಬದಲು ಎಡಭುಜ ತಿಕ್ಕಿದೆ. ಗಂಡ, "ನೂರು ವರ್ಷದ ಹಿಂದಿಂದು, ಖಲಾಸ್, ಬಿಟ್ಟು ಬಿಡು" ಎಂದ. ಮಗಳು ಮೊಬೈಲಿನಿಂದ ತಲೆಯೆತ್ತದೆ, "ಅಮ್ಮಾ, ಜಸ್ಟ್ ಆಸ್ಕ್ ಹರ್" ಎಂದಳು. ಕೇಳುವುದು ಅಷ್ಟು ಸುಲಭವಾಗಿದ್ದರೆ ಮೂರು ತಲೆಮಾರು ಯಾಕೆ ಹೀಗೆ ಒದ್ದಾಡುತ್ತಿತ್ತು? ಅವ್ವನಿಗೆ ಫೋನು ಮಾಡುವುದನ್ನೂ ತಪ್ಪಿಸಿಕೊಂಡೆ. ಎಪ್ಪತ್ತೆಂಟು ವರ್ಷದ ಅವ್ವನಿಗೆ, ಹೌದು, ಆಕೆ ಸ್ವಂತ ಮನಸ್ಸಿನಿಂದಲೇ ಬಿಟ್ಟುಹೋದಳು ಎಂದು ಯಾವ ಬಾಯಿಂದ ಹೇಳಲಿ?

ಮುದುಕಿಯ ಕಾಲು ಸರಿಯಾಗುತ್ತ ಬಂದಿತ್ತು. ಮುಂದಿನ ಗುರುವಾರ ಇಂಗ್ಲೆಂಡಿಗೆ ವಿಮಾನ. ಇನ್ನು ಮೂರೇ ಸಲ ನಾನು ಹೋಗುವುದಿತ್ತು. ಮೊದಲ ದಿನವೇ ಅವಳು ಸೂಟ್‌ಕೇಸಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದಳು. ಮಗನಿಗೆ ಕೊಡಲೆಂದು ತಂದಿದ್ದ ಕುಟುಂಬದ ಕಾಗದಪತ್ರಗಳಲ್ಲಿ ಅದೂ ಇತ್ತು.

"ಇದು ನನ್ನ ಅಜ್ಜಿಯ ಕನ್ನಡದ ಪುಸ್ತಕ. ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದಾಳೆ, ಅರ್ಥ ಮಾತ್ರ ಬರೆದಿಲ್ಲ. ನಾನು ಓದ್ತೀನಿ, ನೀನು ಕಾಲು ಬಗ್ಗಿಸು, ಅರ್ಥ ಹೇಳು."

ದೊರೆಸಾನಿಯರ ಒಂದು ಪದ್ಧತಿಯದು. ಆಳುಗಳಿಗೆ ಏನಾದರೂ ಹೇಳಬೇಕಾದರೆ ಆ ಮಾತನ್ನು ಮನೆಯ ಜನರ ಬಾಯಿಂದ ಕೇಳಿ, ತಮ್ಮ ಅಕ್ಷರದಲ್ಲಿ ಬರೆದು, ಬಾಯಿಪಾಠ ಮಾಡಿಕೊಂಡು ಹೋಗಿ ಹೇಳುತ್ತಿದ್ದರು. ಮುನ್ಶಿ ಕಲಿಸುವ ಗ್ರಾಂಥಿಕ ಕನ್ನಡ ಅಡಿಗೆಮನೆಯಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಪುಸ್ತಕದ ತುಂಬ ಇದ್ದದ್ದು ನಮ್ಮ ಮನೆಯ ಮಾತು. ಮುದುಕಿ ಕನ್ನಡಕ ಏರಿಸಿ ಓದತೊಡಗಿದಳು. "ನೀರು ಕಾಸು." "ಕುದುರಿಗೆ ಹುಲ್ಲು ಹಾಕು." "ಬೆಕ್ಕಿನ ಮರಿ ಸತ್ತೈತಿ." "ಬಾಗಲಾ ಮುಚ್ಚು." ಇಂಗ್ಲಿಷ್ ನಾಲಿಗೆಯಿಂದ ನಮ್ಮೂರಿನ ಮಾತು ಬರುವುದನ್ನು ಕೇಳಿ ಮೊದಲಿಗೆ ನನಗೆ ನಗು. ಅರ್ಥ ಹೇಳಿದೆ. ಅವಳೂ ನಕ್ಕಳು. ಬೆಕ್ಕಿನ ಮರಿಗೆ ಮಾತ್ರ ಅಯ್ಯೋ ಎಂದಳು.

ಹಾಳೆ ತಿರುವಿದಳು. ಮೇಲ್ಗಡೆ ಮಸ್ಕತ್ ಎಂದು ಬರೆದಿತ್ತು.

"ನೀ ಊರಿಗೆ ಹೋಗಬ್ಯಾಡ," ಎಂದು ಓದಿದಳು. "ಈ ಕೂಸು ನೀ ಇಲ್ಲಾಂದ್ರ ಸಾಯ್ತೈತಿ."

ನಾನು ಅರ್ಥ ಹೇಳಲಿಲ್ಲ. ಅವಳು ನನ್ನ ಮುಖ ನೋಡದೆ ಮುಂದುವರಿಸಿದಳು.

"ಇಲ್ಲೊಂದು ಸಾಲು ಹೊಡೆದು ಹಾಕಿದ್ದಾಳೆ. ಓದಲೇ?"

"ಓದಿ."

"ಪತ್ರ ಬಂದೈತಿ. ನಿನ್ನ ಕೂಸು ಆರಾಮ ಐತಿ." ಆಮೇಲೆ ಬೆರಳು ಕೆಳಗಿಳಿಸಿದಳು. "ಇದು ಸರಿ ಮಾಡಿ ಬರೆದದ್ದು. ಪತ್ರ ಬಂದೈತಿ. ನಿನ್ನ ಕೂಸು ಸತ್ತೈತಿ. ಅಳಬ್ಯಾಡ. ಈ ಕೂಸಿಗೆ ಹಾಲು ಕೊಡು."

ಮುದುಕಿ ಜೋರಾಗಿ ಕೂಗಿಕೊಂಡಳು. ಅಷ್ಟು ದಿನ ಕೂಗದವಳು. ನಾನು ಅವಳ ಮೊಣಕಾಲನ್ನು ಇದ್ದ ಬಲವೆಲ್ಲ ಹಾಕಿ ಹಿಡಿದಿದ್ದೆ. ಕೈ ಬಿಟ್ಟೆ. ತಪ್ಪಾಯಿತು ಎಂದೆ. ಆ ಸಾಲಿಗೆ ಅರ್ಥವೇನು ಎಂದು ಅವಳು ಕೇಳಿದಳು. ಕೂಸಿಗೆ ಹಾಲು ಕೊಡು ಎಂದಿದೆ, ಅಷ್ಟೇ ಎಂದೆ. ಇನ್ನೂ ಹತ್ತು ನಿಮಿಷ ಉಳಿದಿರುವಾಗಲೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ನಮ್ಮ ಮನೆಯ ತಿರುವು ದಾಟಿ ಕಾರು ಎಷ್ಟೋ ದೂರ ಹೋಗಿಬಿಟ್ಟಿತ್ತು. ಮತ್ತೆ ತಿರುಗಿಸಿದೆ, ಮತ್ತೆ ತಪ್ಪಿದೆ. ಆ ಮಾತನ್ನು ದೊರೆಸಾನಿಗೆ ಕಲಿಸಿದವರಾರು ಎಂದು ಯೋಚಿಸುತ್ತಿದ್ದೆ. ಆ ಮನೆಯಲ್ಲಿ ಕನ್ನಡ ಬಲ್ಲವಳು ಮುತ್ತಜ್ಜಿ ಒಬ್ಬಳೇ. ಅವಳನ್ನು ಕೇಳುವಂತಿರಲಿಲ್ಲ. ಆಗ ಹೊಳೆಯಿತು, ದೊರೆಸಾನಿ ಯಾರನ್ನೂ ಕೇಳಿಲ್ಲ. ಹಿಂದಿನ ಹಾಳೆಯ ಬೆಕ್ಕಿನ ಮರಿಯನ್ನು ತೆಗೆದು, ಆ ಜಾಗದಲ್ಲಿ ನನ್ನ ಅಜ್ಜನನ್ನು ಇಟ್ಟಿದ್ದಳು. ಅವಳು ಸತ್ತು ಎಷ್ಟು ಕಾಲವಾಗಿದೆಯೋ, ಸಿಕ್ಕಿದ್ದರೆ ಕೊರಳು ಹಿಸುಕಿಬಿಡುತ್ತಿದ್ದೆ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಮನೆ ಸೇರಿದರೂ ಒಳಗೆ ಹೋಗಲಾಗದೆ ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಅಲ್ಲಿರುವುದು ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಗಂಡನಿಗೆ ಹಮ್ರಿಯಾದಲ್ಲಿ ಬಟ್ಟೆ ಅಂಗಡಿ. ನನಗಿಂತ ಐದು ವರ್ಷ ದೊಡ್ಡವಳು, ನನ್ನ ಕೋಪತಾಪಗಳೆಲ್ಲ ಅವಳಿಗೆ ಪರಿಚಯ. ಅವಳು ಮೀನು ಹೆಚ್ಚುತ್ತಿದ್ದಳು. ನಾನು ಅಡಿಗೆಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಎಲ್ಲ ಹೇಳಿದೆ.

"ಕೂತ್ಕೊಳ್ಳಿ ಮಾರಾಯ್ರೆ, ನನಗೆ ತಲೆ ತಿರುಗ್ತದೆ," ಎಂದಳು. ಆಮೇಲೆ ಕೈ ತೊಳೆದುಕೊಂಡು ಎದುರು ಕೂತಳು. "ಆ ಬಿಳಿ ಮಗು ನಿಮ್ಮ ಮುತ್ತಜ್ಜಿಯ ಹಾಲು ಕುಡ್ದದ್ದು ಅಲ್ವಾ? ನಮ್ಮಲ್ಲಿ ಒಂದೇ ತಾಯಿಯ ಹಾಲು ಕುಡಿದವರು ಅಣ್ಣ ತಮ್ಮ. ಇಲ್ಲಿ ಅರಬಿಗಳನ್ನು ಬೇಕಾದ್ರೆ ಕೇಳಿ, ಅವರಲ್ಲಿ ಮದುವೆ ಸಹ ಆಗುವ ಹಾಗಿಲ್ಲ. ಹಾಗಾದ್ರೆ ನಿಮ್ಮಜ್ಜ ಮತ್ತೆ ಅವಳ ಅಪ್ಪ ಅಣ್ಣ ತಮ್ಮ ಆಯ್ತು. ಆ ಮುದುಕಿ ನಿಮ್ಮಮ್ಮನಿಗೆ ಅಕ್ಕ. ನಿಮಗೆ ದೊಡ್ಡಮ್ಮ."

"ದೊಡ್ಡವ್ವನಂತ! ಕಿತ್ತುಕೊಂಡು ಕುಡಿದ ಹಾಲಿಗೆ ಎಂಥಾ ಸಂಬಂಧರಿ?"

"ಕಿತ್ತುಕೊಂಡದ್ದು ಆ ಹೆಂಗಸು. ಮಗು ಅಲ್ಲ. ಅದಕ್ಕೆ ಎಂತ ಗೊತ್ತುಂಟು? ಅದು ಹಸಿದದ್ದು, ಕುಡಿದದ್ದು. ಈಗ ನೀವು ಹೇಳದೆ ಇದ್ರೆ ಆ ಸುಳ್ಳನ್ನು ನೀವೂ ಹೇಳಿದ ಹಾಗೆ ಆಗ್ತದೆ." ಅವಳು ಎದ್ದು ಮತ್ತೆ ಮೀನಿಗೆ ಕೈ ಹಾಕಿದಳು. "ಸಿಟ್ಟು ಬೇಕಾದಷ್ಟು ಮಾಡಿ, ಆದ್ರೆ ಹೇಳಿಯೇ ಮಾಡಿ."

ಅವಳ ಮಾತು ನನಗೆ ಹಿಡಿಸಲಿಲ್ಲ. ಆದರೆ ಬಿಡಲೂ ಇಲ್ಲ. ಎರಡು ದಿನ ಅದನ್ನೇ ಹೊತ್ತು ತಿರುಗಿದೆ.

ಮುಂದಿನ ಸಲ ಹೋದಾಗ ಚೀಲ ಕೆಳಗಿಡುವ ಮೊದಲೇ ಹೇಳಿಬಿಟ್ಟೆ. ಆ ಪುಟವನ್ನು ತೆಗೆಸಿ, ಸಾಲು ಸಾಲಾಗಿ ಬೆರಳಿಟ್ಟು ಅರ್ಥ ಹೇಳಿದೆ. ಹೊಡೆದು ಹಾಕಿದ್ದು ಮೊದಲು, ಆಮೇಲೆ ಬರೆದದ್ದು ನಂತರ.

"ಬಹುಶಃ ಎರಡನೆಯ ಪತ್ರ ಬಂದಿರಬಹುದು," ಎಂದಳು ಮುದುಕಿ, ನಿಧಾನಕ್ಕೆ. "ಮೊದಲು ಚೆನ್ನಾಗಿತ್ತು, ಆಮೇಲೆ ಮಗು ನಿಜವಾಗಿ ಸತ್ತಿರಬಹುದು."

"ಸತ್ತಿರಲಿಲ್ಲ. ಆ ಕೂಸು ಎಪ್ಪತ್ತಾರು ವರ್ಷ ಬದುಕಿತು. ಶಾಲೆಯ ಮಾಸ್ತರನಾಗಿತ್ತು. ನನಗೆ ಮಗ್ಗಿ ಕಲಿಸಿದ್ದು ಅದೇ. ಆತ ನನ್ನ ಅಜ್ಜ."

ಅವಳು ಕನ್ನಡಕ ತೆಗೆದು ಹೊದಿಕೆಯ ಮೇಲಿಟ್ಟಳು. ಅವಳು ಅಳಲಿ ಎಂದು ನನಗೆ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಅಳಲಿಲ್ಲ.

"ನನ್ನ ಅಜ್ಜನಿಗೆ ಇದು ಗೊತ್ತಿರಲಿಕ್ಕಿಲ್ಲ," ಎಂದಳು.

"ಪತ್ರಗಳು ಬರುತ್ತಿದ್ದದ್ದು ಆತನ ಮೇಜಿಗೆ."

ಅವಳು ಕಿಟಕಿಯ ಕಡೆ ತಿರುಗಿ, ನಾನು ಕೇಳದೆಯೇ ಮುಂಬಯಿಯ ಮಾತು ತೆಗೆದಳು. ಅವಳ ಅಪ್ಪನಿಗೆ ಎಂಟು ವರ್ಷವಾದಾಗ ಶಾಲೆಗೆಂದು ಇಂಗ್ಲೆಂಡಿಗೆ ಕರೆದೊಯ್ದರಂತೆ. ಮುಂಬಯಿಯಲ್ಲಿ ದೊಡ್ಡ ಹಡಗು ಹತ್ತಬೇಕು. ಆಯಾ ಅಲ್ಲಿಯವರೆಗೆ ಜೊತೆಗೆ ಬಂದಳು. ಇನ್ನು ನೀನು ನಿನ್ನ ಊರಿಗೆ ಹೋಗು ಎಂದು ದೊರೆ ರೈಲಿನ ಟಿಕೆಟ್ ತೆಗೆಸಿ ಕೈಗಿಟ್ಟ. ಆಯಾ ಅದನ್ನು ಹಿಂದಕ್ಕೆ ಕೊಟ್ಟಳು.

"'ಅಲ್ಲಿ ಯಾರಿದ್ದಾರೆ?' ಅಂದಳಂತೆ. ಅಪ್ಪ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಆಗ ಅವಳ ಮಾತು ಬರುತ್ತಿತ್ತು, ಅವನೇ ದೊಡ್ಡವರಿಗೆ ಇಂಗ್ಲಿಷಿನಲ್ಲಿ ಹೇಳಿದ. ನಮ್ಮ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್ಸಿಗೆ ಈ ಕಥೆ ಹೇಳುತ್ತಿದ್ದರು. ಅವಳಿಗೆ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ, ಅಷ್ಟು ಪ್ರೀತಿ ಅಂತ. ನಾನು ನನ್ನ ಮಗನಿಗೂ ಹೇಳಿದ್ದೇನೆ." ಅವಳ ಕೈ ಹೊದಿಕೆಯ ಅಂಚನ್ನು ಸುತ್ತುತ್ತಿತ್ತು. "ಅಪ್ಪ ದೊಡ್ಡವನಾದ ಮೇಲೆ ಮುಂಬಯಿಗೆ ಹೋಗಿ ಅವಳನ್ನು ಹುಡುಕಿದ. ಬೇರೆ ಯಾವುದೋ ಸಂಸಾರದ ಜೊತೆ, ಬೇರೆ ಯಾವುದೋ ಹಡಗಿನಲ್ಲಿ ಹೋಗಿದ್ದಳು. ಸಿಗಲಿಲ್ಲ."

ನಾನು ಅವಳಿಗೆ ಸಮಾಧಾನದ ಒಂದು ಮಾತೂ ಹೇಳಲಿಲ್ಲ. ಆ ದಿನದ ವ್ಯಾಯಾಮ ಬಾಕಿಯಿತ್ತು, ಮಾಡಿಸಿದೆ. ಮೊಣಕಾಲು ಸಲೀಸಾಗಿ ಮಡಚುತ್ತಿತ್ತು. ಹೊರಡುವಾಗ ಅವಳು ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದಳು. ನಿಮ್ಮ ತಾಯಿಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ, ಎಂದಳು. ನನಗೂ ತಿಳಿದಿರಲಿಲ್ಲ. ಥ್ಯಾಂಕ್ಸ್ ಎನ್ನದೆ ಪುಸ್ತಕ ಇಸಿದುಕೊಂಡೆ.

ಕಾರಿನ ಹತ್ತಿರ ನಿಂತೇ ಅವ್ವನಿಗೆ ಫೋನು ಹಚ್ಚಿದೆ. ಮನೆಗೆ ಹೋಗುವತನಕ ತಡೆಯುವ ತಾಳ್ಮೆ ಇರಲಿಲ್ಲ. ಅಣ್ಣನ ಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಫೋನನ್ನು ಕಿವಿಗೆ ಹಿಡಿದಿರಬೇಕು, ತಟ್ಟುವ ಸಪ್ಪಳ ಕೇಳುತ್ತಿತ್ತು. ನಾನು ಉಸಿರು ಬಿಡದೆ ಹೇಳಿದೆ. ಫೋಟೋ, ಪುಸ್ತಕ, ಬೆಕ್ಕಿನ ಮರಿ, ಹೊಡೆದು ಹಾಕಿದ ಸಾಲು, ಮುಂಬಯಿ, ಟಿಕೆಟು. ನಡುವೆ ಎಲ್ಲೋ ಸಪ್ಪಳ ನಿಂತಿತು.

"ಅವ್ವಾ, ಕೇಳ್ತೈತೇನು?"

"ಕೇಳ್ತೈತಿ."

"ಆಕಿ ಬಿಟ್ಟು ಹೋಗಿಲ್ಲವ್ವಾ. ಕೂಸು ಸತ್ತೈತಿ ಅಂತ ಹೇಳಿದ್ರು ಆಕಿಗೆ. ಊರಾಗ ಯಾರೂ ಇಲ್ಲಂತ ತಿಳಕೊಂಡು ಬರಲಿಲ್ಲ."

ಒಲೆಯ ಮೇಲೆ ರೊಟ್ಟಿ ಹೊತ್ತುತ್ತಿದೆ ಎಂದು ಸೊಸೆ ಹಿಂದಿನಿಂದ ಹೇಳುವುದು ಕೇಳಿಸಿತು.

"ಅಳಬ್ಯಾಡ ಅಂತ ಬರದಾರ ಅಂದೆಲ್ಲ," ಎಂದಳು ಅವ್ವ. "ಅಂದ್ರ ಆಕಿ ಅತ್ತಾಳ."

"ಹೂಂ ಅವ್ವಾ."

"ನಮ್ಮಪ್ಪಗ ಅತ್ತಾಳ. ಎಂಟು ವರ್ಷ ಅತ್ತಾಳ ನೋಡು ಅವಗ. ಅವ ಇಲ್ಲೇ ಓಣ್ಯಾಗ ಗೋಲಿ ಆಡ್ತಿದ್ದ."